ಅಧ್ಯಕ್ಷರಿಗೊಂದು ಶಾಲು

ಪುರಸಭೆಯಲ್ಲಿ ಟೈಪಿಸ್ಟ್ ಆದವರಿಗೆ ಇಂಥ ಪ್ರಸಂಗಗಳು ವಾರಕ್ಕೊಂದು ಸಿಕ್ಕೇ ಸಿಗುತ್ತವೆ. ಸಿನಿಮಾ ಟಿಕೀಟಿನ ಖರ್ಚು ಉಳಿಯುತ್ತದೆ. ನಮ್ಮೂರು ಯಾವುದೆಂದು ಹೇಳುವುದಿಲ್ಲ. ಗದಗ-ಬೆಟಗೇರಿಯವರು ಇದನ್ನು ಓದಿದರೆ ಲಕ್ಷ್ಮೇಶ್ವರ ಇರಬೇಕು ಎನ್ನುತ್ತಾರೆ, ಲಕ್ಷ್ಮೇಶ್ವರದವರು ಶಿರಹಟ್ಟಿ ಎನ್ನುತ್ತಾರೆ, ಶಿರಹಟ್ಟಿಯವರು ಮುಂಡರಗಿಯತ್ತ ಕೈ ತೋರಿಸುತ್ತಾರೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಇಲ್ಲಿ ಬಾಯಿ ಕಡಿಮೆ. ಹಾಗಾಗಿ ಎಲ್ಲರೂ ನನ್ನೆದುರಿಗೇ ಎಲ್ಲವನ್ನೂ ಮಾತಾಡುತ್ತಾರೆ.

೧. ಬಾಗಿಲ ಹೊರಗೆ

ಬಸ್ ಸ್ಟ್ಯಾಂಡಿನ ಪಕ್ಕದ ಕಾಯಿಪಲ್ಲೆ ಸಂತೆಯ ಜಾಗವನ್ನು ಅಧ್ಯಕ್ಷರು ಒಬ್ಬ ಸಾಹುಕಾರರಿಗೆ ಲಾಡ್ಜ್ ಕಟ್ಟಲು ಒಳಗಿಂದೊಳಗೇ ಒಪ್ಪಿಸುತ್ತಿದ್ದಾರೆಂದು ಖಬರು ಹಬ್ಬಿತು. ಅಲ್ಲಿ ಬದನೆಕಾಯಿ ಮಾರಿ ಮಕ್ಕಳನ್ನು ಸಾಕುತ್ತಿದ್ದ ಅಕ್ಕ ಒಬ್ಬಳು ಸೀದಾ ಕಚೇರಿಗೆ ಬಂದು ಕೇಳಿದಳು. ನಿನ್ನೆ ನಮ್ಮ ಮನೆಗೆ ಯಾರೂ ಬಂದಿಲ್ಲ, ಯಾವ ಸಭೆಯೂ ಆಗಿಲ್ಲ ಎಂದರು ಅಧ್ಯಕ್ಷರು.

"ಹೌದ್ರಿ, ಯಾರೂ ಬಂದಿರಲಿಲ್ಲ," ಎಂದಳು ಅಕ್ಕ. "ಬರೇ ಅವರ ಚಪ್ಪಲಿ ಬಂದಿದ್ವು. ಸಾಹುಕಾರ್ರ ಕಿರ್ ಅನ್ನೋ ಜೋಡು ಮೊದಲನೇ ಸಾಲಿನಾಗ ಕುಂತಿತ್ತು."

೨. ಬಾಗಿಲ ಒಳಗೆ

ಅಧ್ಯಕ್ಷರು ಪಾಠ ಕಲಿತರು. ಮುಂದಿನ ಸಲ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದೇ ಹಿಂದಿನ ಕೋಣೆ ಸೇರಬೇಕೆಂದು ಅಪ್ಪಣೆಯಾಯಿತು. ತಮ್ಮ ತಾಯಿ ಭಾರಿ ಮಡಿಯವರೆಂಬುದನ್ನು ಮಾತ್ರ ಮರೆತರು. ದೇವರ ಕೋಣೆ ದಾಟಿ ಚರ್ಮದ ಜೋಡು ಹೋದದ್ದನ್ನು ಕಂಡ ಮುದುಕಿ ಅಂಗಳಕ್ಕೆ ಬಂದು ನಿಂತು, ಒಳಗಿದ್ದ ಒಬ್ಬೊಬ್ಬ ಮೆಂಬರನ ಹೆಸರು ಹಿಡಿದು, ಮನೆತನದ ಸಮೇತ, ಓಣಿಗೆಲ್ಲ ಕೇಳುವಂತೆ ಬೈದರು. ಎದುರು ಮನೆ ನಮ್ಮದು. ಕಚೇರಿಯಲ್ಲಿ ಕೂಡ ಹಾಜರಿ ಅಷ್ಟು ಸ್ಪಷ್ಟವಾಗಿ ಎಂದೂ ಆಗಿರಲಿಲ್ಲ.

೩. ಸನ್ಮಾನ

ಜಾಗದ ಠರಾವು ಸಭೆಯ ಮುಂದೆ ಬರುವ ದಿನ ಸಂತೆಯ ಹೆಂಗಸರು ಪುರಸಭೆಯ ಅಂಗಳ ತುಂಬಿದರು. ಧಿಕ್ಕಾರ ಕೂಗುತ್ತಾರೆಂದು ಅಧ್ಯಕ್ಷರು ಪೊಲೀಸರಿಗೆ ಹೇಳಿಕಳಿಸಿದ್ದರು. ಅಕ್ಕ ಬುಟ್ಟಿಯಿಂದ ತೆಗೆದದ್ದು ಶಾಲು, ಹಣ್ಣು, ಮಾಲೆ. ಸನ್ಮಾನ ಬೇಡವೆಂದ ರಾಜಕಾರಣಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಅಧ್ಯಕ್ಷರು ತಾವೇ ಕುರ್ಚಿ ಹೊರಗೆ ತರಿಸಿ ಕುಳಿತರು. ಶಾಲು ಹೊದಿಸಿದ ಮೇಲೆ ಅಕ್ಕ ಜನರತ್ತ ತಿರುಗಿ, "ಸಂತಿ ಜಾಗಾ ಯಾರಿಗೂ ಕೊಡಂಗಿಲ್ಲಂತ ಅಧ್ಯಕ್ಷರು ಮಾತು ಕೊಟ್ಟಾರ. ಅದಕ್ಕ ಈ ಸನ್ಮಾನ," ಎಂದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಹೊದ್ದ ಶಾಲನ್ನು ಊರೆದುರು ತೆಗೆಯುವುದು ಹೇಗೆ? ಅಧ್ಯಕ್ಷರು ಕೈ ಮುಗಿದರು. ಠರಾವು ಅಲ್ಲೇ ಸತ್ತಿತು. ಸಂತೆ ಈಗಲೂ ಅಲ್ಲೇ ಇದೆ.

ಮಾಲೆ ಹಾಕಲು ಅಕ್ಕ ಮೂಲೆಯಲ್ಲಿ ನಿಂತಿದ್ದ ಸಾಹುಕಾರರನ್ನೇ ಕರೆದಳು. ಹತ್ತಿ ಪೇಟೆಯ ಹರಾಜಿನ ಸವಾಲಿನಲ್ಲಿ ಆಯುಷ್ಯವೆಲ್ಲ ಕೂಗಿದ ಅವರಿಗೆ ಪಿಸುಗುಡುವುದು ಬರುತ್ತಿರಲಿಲ್ಲ. ಮಾಲೆ ಹಾಕುತ್ತ ಅಧ್ಯಕ್ಷರ ಕಿವಿಯಲ್ಲಿ ಕೇಳಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು: "ಮತ್ತ ನಾಳಿನ ನಮ್ಮ ಭೂಮಿಪೂಜಿ?"

ಅಧ್ಯಕ್ಷರು ಎದ್ದು ನಿಂತು, ಈ ಮನುಷ್ಯ ಯಾರೋ ತಮಗೆ ಗುರುತೇ ಇಲ್ಲವೆಂದು ಗಟ್ಟಿಯಾಗಿ ಸಾರಿದರು.

ಅಕ್ಕ ನಿಜಕ್ಕೂ ಮರುಗಿದವಳಂತೆ ಕೇಳಿದಳು: "ಅಯ್ಯ, ಹೋದ ವರ್ಷ ಮಗಳನ್ನ ಗುರುತಿಲ್ಲದವ್ರ ಮನಿಗೆ ಕೊಟ್ರೇನ್ರಿ?"