ಬ್ರೇಕ್ ಪೆಡಲಿನ ಮೇಲೆ ನನ್ನ ಬಲಗಾಲು

ಮಾವನವರ ಫೋನು ಬಂದರೆ ನಾನು ಎದ್ದು ನಿಂತು ಮಾತಾಡುತ್ತೇನೆ. ಅವರಿರುವುದು ದಾವಣಗೆರೆಯಲ್ಲಿ, ನಾನಿರುವುದು ವರ್ತೂರಿನಲ್ಲಿ. ಕೂತಿದ್ದೇನೋ ನಿಂತಿದ್ದೇನೋ ಅವರಿಗೇನೂ ಕಾಣುವುದಿಲ್ಲ. ಆದರೂ ಕಾಲು ಕೇಳುವುದಿಲ್ಲ. ಇದು ಕಾನ್ವೆಂಟಿನ ಸಿಸ್ಟರುಗಳು ಹಾಕಿಕೊಟ್ಟ ಅಭ್ಯಾಸ. ತರಗತಿಯ ಬಾಗಿಲಲ್ಲಿ ಬಿಳಿ ಅಂಗಿಯ ಅಂಚು ಕಂಡರೆ ಸಾಕು, ನಲವತ್ತು ಹುಡುಗಿಯರು ಒಟ್ಟಿಗೆ ಎದ್ದು ರಾಗವಾಗಿ ಗುಡ್ ಮಾರ್ನಿಂಗ್ ಹೇಳುತ್ತಿದ್ದೆವು. ಉಳಿದ ಮೂವತ್ತೊಂಬತ್ತು ಮಂದಿ ಆಮೇಲೆ ಕೂತಿರಬಹುದು. ನಾನು ಇನ್ನೂ ಸರಿಯಾಗಿ ಕೂತಿಲ್ಲ. ಇಂಥ ನನ್ನನ್ನು ನನ್ನ ನಾದಿನಿ ಶೈಲಾ ಒಂದು ರೇಸ್ ಕಾರಿನೊಳಗೆ ಕೂರಿಸಿದಳು.

ಶೈಲಾ ಮಹದೇವಪುರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ನಮ್ಮ ಜೊತೆಗೇ ಇರುತ್ತಾಳೆ. ಎರಡು ವರ್ಷ ಬೇರೆಯವರ ಕಾರಿನಲ್ಲಿ ರೇಸ್ ಓಡಿಸಿದವಳು ಈ ಸಲ ಹಳೆಯ ಸಣ್ಣ ಕಾರೊಂದನ್ನು ಕೊಂಡು, ಹಿಂದಿನ ಸೀಟು, ಕಾರ್ಪೆಟ್ಟು, ರೇಡಿಯೋ ಎಲ್ಲ ಕಿತ್ತು, ಪಲ್ಟಿಯಾದರೂ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸುಗೆ ಹಾಕಿಸಿ, ತನ್ನದೇ ಒಂದು ರೇಸ್ ಕಾರು ಮಾಡಿಕೊಂಡಳು. ನಿಲ್ಲಿಸಲು ಜಾಗ ಕೊಟ್ಟವರು ನಮ್ಮ ಮನೆ ಮಾಲೀಕರಾದ ಮುನಿಯಪ್ಪನವರು. ಅವರ ಕೊಟ್ಟಿಗೆಯಲ್ಲಿ ಈಗ ಎರಡೇ ಹಸು. ಮೂರನೆಯದರ ಜಾಗದಲ್ಲಿ ಕಾರು. ಭಾನುವಾರ ರೇಸು. ಶನಿವಾರ ಪರೀಕ್ಷಕರು ಬಂದು ಬ್ರೇಕ್ ಪೆಡಲನ್ನು ಒತ್ತಿ ನೋಡುತ್ತಾರಂತೆ; ಅದು ಕಲ್ಲಿನ ಹಾಗೆ ಗಟ್ಟಿಯಾಗಿಲ್ಲದಿದ್ದರೆ ಕಾರು ಗೇಟಿನಾಚೆಯೇ. ಬುಧವಾರ ಅದು ಆಗತಾನೇ ಇಳಿಸಿದ ಇಡ್ಲಿಯ ಹಾಗಿತ್ತು.

ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿದೆ, ಅದನ್ನು ಹೊರಗೆ ತೆಗೆಯಲು ಇಬ್ಬರು ಬೇಕು ಎಂದಳು. ನಾನು ಪೆಡಲನ್ನು ಒತ್ತಿ ಹಿಡಿಯಬೇಕು. ಅವಳು ಚಕ್ರದ ಪಕ್ಕ ಕೂತು ಒಂದು ಪುಟ್ಟ ತಿರುಪನ್ನು ಸಡಿಲಿಸುತ್ತಾಳೆ. ಎಣ್ಣೆಯ ಜೊತೆ ಗುಳ್ಳೆಗಳು ಹೊರಗೆ ಬರುತ್ತವೆ. ಅವಳು ತಿರುಪು ಬಿಗಿಸಿ ‘ಬಿಡಿ’ ಎನ್ನುವವರೆಗೆ ನಾನು ಕಾಲೆತ್ತಬಾರದು. ಎತ್ತಿದರೆ ಗಾಳಿ ವಾಪಸ್ ಒಳಗೆ. ಇಷ್ಟೇ ಕೆಲಸ. ಹಿಂದಿನ ಎರಡು ಚಕ್ರ ಆಗಿ, ಮುಂದಿನ ಕೊನೆಯದು ಮುಗಿಯುವ ಹೊತ್ತಿಗೆ ಮುನಿಯಪ್ಪನವರು ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬಂದು, ಬ್ರೇಕು ಬಂತಾ ಎಂದು ವಿಚಾರಿಸಿದರು. ನಾನು ನಮಸ್ಕಾರ ಹೇಳಿದೆ. ಆಮೇಲೆ ಶೈಲಾ ಪೆಡಲು ಒತ್ತಿ ನೋಡಿದಳು. ಅದೇ ಇಡ್ಲಿ.

ಮುಂದಿನ ಎರಡು ದಿನ ಅವಳನ್ನು ನೋಡುವುದೇ ನನಗೊಂದು ಪಾಠ. ರಜೆ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಅನುಮಾನಗಳನ್ನೆಲ್ಲ ಬರೆದುಕೊಂಡು, ಒಂದೊಂದನ್ನೇ ಹೊಡೆದುಹಾಕುತ್ತ ಹೋದಳು. ಪೈಪಿನ ಪ್ರತಿ ಜಾಯಿಂಟಿಗೂ ಬಿಳಿ ಟಿಶ್ಯೂ ಒತ್ತಿ ನೋಡಿದಳು. ಒಂದು ಹನಿಯೂ ಸೋರಿರಲಿಲ್ಲ. ಪೆಡಲಿನ ಹಿಂದಿನ ಸಿಲಿಂಡರನ್ನೇ ಬದಲಾಯಿಸಿದಳು. ಗುರುವಾರ ಸಂಜೆ ಮುನಿಯಪ್ಪನವರು ಡೈರಿಯಿಂದ ಬರುವ ಹೊತ್ತಿಗೆ ಮತ್ತೆ ನಾಲ್ಕೂ ಚಕ್ರ ಮುಗಿಸಿದೆವು; ಮತ್ತೆ ಇಡ್ಲಿ. “ಒಂದ್ಸಲಕ್ಕೆ ಒಂದೇ ಬದಲಾಯಿಸ್ಬೇಕು ಅತ್ತಿಗೆ. ಎರಡು ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ,” ಎಂದಳು. ಸಾರು ಕೆಟ್ಟರೆ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿಯುವ ನಾನು ತಲೆಯಾಡಿಸಿದೆ. ಆಡಿಸುವಾಗ ಸ್ವಲ್ಪ ನೋವಾಯಿತು. ನೆತ್ತಿಯಲ್ಲಿ ಎರಡು ದಿನದಿಂದ ಒಂದು ಬುಗುಟು. ಕಾರು ಚಿಕ್ಕದು ಎಂದುಕೊಂಡು ಸುಮ್ಮನಿದ್ದೆ.

ಶುಕ್ರವಾರ ಸಂಜೆ ಕೊನೆಯ ಪ್ರಯತ್ನ. “ಇವತ್ತೂ ಬರ್ಲಿಲ್ಲ ಅಂದ್ರೆ ಹೆಸರು ವಾಪಸ್ ತಗೋತೀನಿ. ಬ್ರೇಕ್ ಮೇಲೆ ನಂಬಿಕೆ ಇಲ್ದೆ ಟ್ರ್ಯಾಕಿಗೆ ಇಳಿಯಲ್ಲ,” ಎಂದಳು. ದನಿಯಲ್ಲಿ ಸಿಟ್ಟಿಲ್ಲ, ಅಳುವೂ ಇಲ್ಲ. ಅಷ್ಟು ವೇಗವಾಗಿ ಓಡಿಸುವವಳು ನಿಲ್ಲಿಸುವ ಮಾತನ್ನು ಎಷ್ಟು ನಿಧಾನವಾಗಿ ಆಡಿದಳು ಎಂದು ನನಗೆ ಕಣ್ಣು ತುಂಬಿ ಬಂತು. ಕೊನೆಯ ಚಕ್ರ. ಒತ್ತಿ ಹಿಡಿದಿದ್ದೆ. ಹಾಲಿನ ಕ್ಯಾನಿನ ಹಿಡಿ ಕಿಣಿ ಎಂದಿತು. ಮುನಿಯಪ್ಪನವರು ಬಾಗಿಲಲ್ಲಿ ನಿಂತರು. ನಮಸ್ಕಾರ ಎಂದೆ. ನನ್ನ ನೆತ್ತಿ ಪಂಜರದ ಮೇಲಿನ ಕೊಳವೆಗೆ ಠಣ್ಣನೆ ಬಡಿಯಿತು.

ಕೂತವಳ ತಲೆ ಮೇಲಕ್ಕೆ ಹೇಗೆ ಬಡಿಯಿತು? ಕೆಳಗೆ ನೋಡಿದೆ. ಸೀಟಿಗೂ ನನಗೂ ನಾಲ್ಕು ಬೆರಳಿನ ಅಂತರ. ಪೆಡಲು ಮೇಲೆದ್ದು ನಿಂತಿತ್ತು, ಕಾಲುಂಗುರದ ಸಮೇತ ನನ್ನ ಪಾದ ಗಾಳಿಯಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬ ಯೋಚನೆ ಬಂದದ್ದು ನಿಜ. ಆದರೆ ಆಚೆ ಬದಿಯಲ್ಲಿ ತಿರುಪು ಬಿಗಿಸುತ್ತಿದ್ದವಳ ಎಣ್ಣೆ ಮೆತ್ತಿದ ಮೊಣಕೈ ಕಾಣುತ್ತಿತ್ತು.

“ಶೈಲಾ, ಗಾಳಿ ಬಿಡ್ತಿರೋದು ನಾನೇ ಕಣೇ,” ಎಂದೆ.

ಅವಳು ಎದ್ದು ಬಂದು ನನ್ನನ್ನೂ, ಕೊಳವೆಯನ್ನೂ, ಮುನಿಯಪ್ಪನವರನ್ನೂ ನೋಡಿದಳು. “ಮೂರು ದಿನಾನೂ?”

“ಮೂರು ದಿನಾನೂ.”

ಬೈಯಲಿಲ್ಲ. ನೋಟ್‌ಬುಕ್ಕು ತೆಗೆದು, ಹೊಡೆದುಹಾಕಿದ ಸಾಲುಗಳ ಕೆಳಗೆ ‘ಅತ್ತಿಗೆ’ ಎಂದು ಬರೆದು ಸರಿ ಗುರುತು ಹಾಕಿದಳು. ಆಮೇಲೆ ರೇಸಿನ ಬೆಲ್ಟುಗಳನ್ನು ಹೆಗಲ ಮೇಲಿಂದ, ಸೊಂಟದ ಸುತ್ತಲಿಂದ ಎಳೆದು ನನ್ನನ್ನು ಸೀಟಿಗೆ ಬಿಗಿದಳು. “ಅಲ್ಲ ಕಣಮ್ಮಿ, ಅತ್ತಿಗೇನ ಇಂಗೆ ಕಟ್ಟಾಕೋದಾ?” ಎಂದು ಮುನಿಯಪ್ಪನವರು ಕ್ಯಾನು ಕೆಳಗಿಟ್ಟು ಅಲ್ಲೇ ನಿಂತರು. ಹಿರಿಯರೊಬ್ಬರು ನಿಂತಿದ್ದಾಗ ನಾನು ಅಷ್ಟು ಹೊತ್ತು ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ಮುಗಿದ ಮೇಲೆ ಪೆಡಲು ಒತ್ತಿದರೆ ಕಲ್ಲು.

ಶನಿವಾರ ಪರೀಕ್ಷಕರು ಒಮ್ಮೆ ಒತ್ತಿ ಮುಂದೆ ಹೋದರಂತೆ. ಭಾನುವಾರ ಶೈಲಾ ಏಳನೆಯವಳಾಗಿ ಬಂದಳು. ಕಾರೂ ಇಡಿಯಾಗಿ ಬಂತು, ಅವಳೂ ಇಡಿಯಾಗಿ ಬಂದಳು. ಮರುದಿನ ಸುದ್ದಿ ಕೇಳಲು ಮಾವನವರ ಫೋನು. ನಾನು ಏಳುವಷ್ಟರಲ್ಲಿ ಶೈಲಾ ಎರಡೂ ಹೆಗಲು ಒತ್ತಿ ಹಿಡಿದು, ಕೂತೇ ಮಾತಾಡಿ ಎಂದು ಸನ್ನೆ ಮಾಡಿದಳು. ಕೂತೆ. ಮಗಳ ಸಾಹಸವನ್ನೆಲ್ಲ ವರ್ಣಿಸಿದೆ. ಅವರು ಸ್ವಲ್ಪ ಹೊತ್ತು ಕೇಳಿ, “ಯಾಕಮ್ಮಾ, ದನಿ ಒಂಥರಾ ಐತಲ್ಲ, ಆರಾಮಿಲ್ಲೇನು?” ಎಂದರು.

ತಟ್ಟನೆ ಎದ್ದು ನಿಂತು, ಚೆನ್ನಾಗಿದ್ದೇನೆ ಮಾವ ಎಂದೆ.