ಪಿತ್ತಕೋಶ ಹೋದ ಮೇಲೆ ಉಳಿದದ್ದು

ಹೊಟ್ಟೆ ಕೊಯ್ಸಿಕೊಂಡವನ ಸುತ್ತ ನಗುವಂಥ ಸಂಗತಿಗಳು ನಡೀತಾನೇ ಇರುತ್ತವೆ. ಹೊಲಿಗೆ ಕಿತ್ತುಬರುತ್ತೆ ಅಂತ ಅವನೊಬ್ಬ ಮಾತ್ರ ನಗೋ ಹಾಗಿಲ್ಲ. ಆಗ ಎರಡನೇ ಮಹಾಯುದ್ಧದ ಕಾಲ. ಶಿವಾಜಿನಗರದಲ್ಲಿ ನನ್ನ ಟೈಲರ್ ಅಂಗಡಿ. ಆರು ತಿಂಗಳು ಬಲಪಕ್ಕೆ ನೋವು ತಿಂದ ಮೇಲೆ ದಂಡು ಪ್ರದೇಶದ ಒಂದು ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶ ತೆಗೆದರು. "ಹತ್ತು ದಿನ. ಆಮೇಲೆ ಮಿಷನ್ ತುಳೀಬಹುದು" ಅಂದಿದ್ದರು ಸರ್ಜನ್ನು. ನಾನು ಮಿಷನ್ ಮೇಲೆ ಕಾಲಿಟ್ಟದ್ದು ಐದು ತಿಂಗಳಾದ ಮೇಲೆ.

೧. ಕಲ್ಲಿನ ದರ್ಶನ

ಪಿತ್ತಕೋಶದಲ್ಲಿದ್ದ ಕಲ್ಲುಗಳನ್ನ ಒಂದು ಸೀಸೆಗೆ ಹಾಕಿ ನನ್ನ ಹೆಂಡತಿ ಕೈಗೆ ಕೊಟ್ಟಿದ್ದರು. ನನ್ನನ್ನು ನೋಡೋಕೆ ಅಂತ ಬಂದವರೆಲ್ಲ ಮೊದಲು ಕೇಳ್ತಿದ್ದದ್ದು, "ಕಲ್ಲೆಲ್ಲಿ?"

ಕಗ್ಗದಾಸಪುರದಿಂದ ಗಾಡಿ ಕಟ್ಟಿಕೊಂಡು ಬಂದ ನನ್ನ ಭಾವಮೈದ ಸೀಸೆಯನ್ನ ಕಿಟಕಿ ಬೆಳಕಿಗೆ ಹಿಡಿದ, ಕುಲುಕಿ ಸದ್ದು ಕೇಳಿದ. "ಭಾವ, ಒಂದೊಂದೂ ಅವರೆಕಾಳಿನ ಗಾತ್ರ ಇದೆಯಲ್ಲ!" ಅಂತ ಮೆಚ್ಚಿಕೊಂಡ. "ಊರೋರಿಗೆ ತೋರಿಸಿ ನಾಳೆ ತಂದ್ಕೊಡ್ತೀನಿ" ಅಂತ ಜೇಬಿಗಿಳಿಸಿ ಹೊರಟೇಬಿಟ್ಟ.

ಬಾಗಿಲು ದಾಟಿದವನು ಏನೋ ನೆನಪಾಗಿ ತಿರುಗಿ ಬಂದ. ಪಾಪ, ನನ್ನ ಆರೋಗ್ಯ ವಿಚಾರಿಸೋದು ಮರೆತಿದ್ದ, ಈಗ ಕೇಳ್ತಾನೆ ಅಂದುಕೊಂಡೆ.

"ಭಾವ, ಮುಚ್ಚಳ ಭದ್ರವಾಗಿದೆ ತಾನೆ?"

೨. ಟಾನಿಕ್

ಗಾಯ ಒಣಗಲಿಲ್ಲ. ಹೊಲಿಗೆಯ ಪಕ್ಕದಲ್ಲಿ ಪಿತ್ತರಸ ಸೋರತೊಡಗಿತು. ಒಂದು ರಬ್ಬರ್ ನಳಿಗೆ ಹಾಕಿ, ಅದರ ಇನ್ನೊಂದು ತುದಿಯನ್ನ ಮಂಚದ ಕೆಳಗಿನ ಬಾಟಲಿಗೆ ಇಳಿಬಿಟ್ಟರು. ದಿನಾ ಬಾಟಲಿ ತುಂಬೋದು, ನಾನು ಬತ್ತೋದು.

ವಾರ ಕಳೆದ ಮೇಲೆ ವಾರ್ಡಿನ ಸಿಸ್ಟರ್, ಹಲಸೂರು ಕಡೆಯ ತಮಿಳು ಹೆಂಗಸು, ಲೋಟದಲ್ಲಿ ಹಾಲಿಲ್ಲದ ಕಾಫಿ ಕೊಟ್ಟು "ಟಾನಿಕ್ ಹಾಕಿದೀನಿ, ಕುಡೀರಿ" ಅಂದರು. ಮೂರು ದಿನ ಮೂಗು ಹಿಡ್ಕೊಂಡು ಕುಡಿದೆ. ಅಂಥ ಕಹಿ ಬೇವಿನಲ್ಲೂ ಇಲ್ಲ. ನಾಲ್ಕನೇ ದಿನ ಅವರು ಮಂಚದ ಕೆಳಗಿನ ಬಾಟಲಿಯಿಂದಲೇ ಲೋಟಕ್ಕೆ ಬಗ್ಗಿಸೋದು ಕಣ್ಣಿಗೆ ಬಿತ್ತು.

"ಸಿಸ್ಟರ್! ಇದು ನಂದಾ?"

"ನಿಮ್ದೇ ಅಪ್ಪಾ. ಬೇರೆಯೋರದ್ದು ಕೊಡ್ತೀವಾ? ಇದು ಹೊಟ್ಟೆಗೆ ಹೋಗ್ಲಿಲ್ಲಾಂದ್ರೆ ಊಟ ಅರಗಲ್ಲ. ಡಾಕ್ಟರ್ ಆರ್ಡರ್."

"ವಾಪಸ್ ಕುಡಿಸೋದಾದ್ರೆ ಹೊರಗ್ಯಾಕೆ ತೆಗೀತೀರಿ?"

"ತೆಗೆಯೋದು ಸರ್ಜನ್ ಕೆಲಸ. ಕುಡಿಸೋದು ನಂದು" ಅಂದರು.

೩. ನೋಡಿ ಕಲೀರಿ

ಸೋರೋದು ನಿಂತಿತು, ನಳಿಗೆ ತೆಗೆದರು. ನೋವು ನಿಲ್ಲಲಿಲ್ಲ. ಮಧ್ಯಾಹ್ನವಾದರೆ ಜ್ವರ. ಸರ್ಜನ್ ಬರ್ತಿದ್ದದ್ದು ಬೆಳಿಗ್ಗೆ, ಜ್ವರ ಇಳಿದಿರೋ ಹೊತ್ತಿನಲ್ಲಿ.

"ಪಿತ್ತಕೋಶಾನೇ ಇಲ್ಲ. ಇಲ್ಲದ್ದು ಹೇಗ್ರೀ ನೋಯುತ್ತೆ? ಎಲ್ಲಾ ನಿಮ್ಮ ಮನಸ್ಸು" ಅಂದರು. ಪಕ್ಕದ ಮಂಚದಲ್ಲಿ ಕೃಷ್ಣರಾಜಪುರದ ರೈಲ್ವೆ ಕೂಲಿಯೊಬ್ಬ ಮಲಗಿದ್ದ. ಅವನ ಕಡೆ ಕೈ ತೋರಿಸಿ, "ಇವರನ್ನ ನೋಡಿ ಕಲೀರಿ. ಎಂಥಾ ದೊಡ್ಡ ಆಪರೇಷನ್ನು! ಒಂದು ಸದ್ದಿದೆಯಾ?" ಅಂದರು.

ಸಿಸ್ಟರ್ ತಗ್ಗಿದ ದನಿಯಲ್ಲಿ ಹೇಳಿದರು, "ಸಾರ್, ಅವರು ಏಳು ಗಂಟೆಗೇ ಹೋಗ್ಬಿಟ್ರು. ಸ್ಟ್ರೆಚರ್‌ಗೆ ಕಾಯ್ತಿದೀವಿ."

ಹಿಂದಿನ ಸಂಜೆ ನನ್ನ ದಿಂಬು ಸರಿಮಾಡಿಕೊಟ್ಟಿದ್ದ ಮನುಷ್ಯ. ಸರ್ಜನ್ ಅವನ ಮುಖದ ಮೇಲೆ ಹೊದಿಕೆ ಎಳೆದು, "ಆದರೂ ಸದ್ದು ಮಾಡಿರಲಿಲ್ಲ" ಅಂತ ಮುಂದಿನ ಮಂಚಕ್ಕೆ ಹೋದರು.

೪. ಫಾರಿನ್

ಆಮೇಲೆ ಹೊಟ್ಟೆಯ ಬಲಗಡೆ ಉಬ್ಬತೊಡಗಿತು. ಅದೂ ಮನಸ್ಸೇ ಅಂದರು. ನನ್ನ ಹೆಂಡತಿ ವಾದ ಮಾಡಲಿಲ್ಲ. ಅಂಗಡಿಯಿಂದ ಟೇಪು ತಂದು, ದಿನಾ ನನ್ನ ಹೊಟ್ಟೆಯ ಅಳತೆ ತೆಗೆದು ಚೀಟಿಯಲ್ಲಿ ಬರೆದಳು. ಹನ್ನೊಂದನೇ ದಿನ ಸರ್ಜನ್ನಿಗೆ ಅಡ್ಡ ನಿಂತಳು.

"ಸ್ವಾಮಿ, ಇವರ ಮನಸ್ಸು ಎರಡಿಂಚು ದಪ್ಪ ಆಗಿದೆ. ನೋಡಿ."

ಅವರು ಚೀಟಿ ನೋಡಿದರು. ಮೊದಲ ಸಲ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದರು. ಮಾರನೇ ಬೆಳಿಗ್ಗೆ ಮತ್ತೆ ಕೊಯ್ದರು.

ನನಗೆ ಪೂರ್ತಿ ಎಚ್ಚರ ಬಂದ ಮೇಲೆ ಬಂದು, "ಒಳಗೊಂದು ಫಾರಿನ್ ಬಾಡಿ ಇತ್ತು. ತೆಗೆದಿದ್ದೀನಿ. ಇನ್ನು ಗುಣ ಆಗ್ತೀರಿ" ಅಂದರು. ಮೈಯದ್ದಲ್ಲದ ಹೊರಗಿನ ವಸ್ತುವಿಗೆ ಡಾಕ್ಟರುಗಳು ಹಾಗಂತಾರೆ; ಅದು ಒಳಗೆ ಹೇಗೆ ಬಂತು ಅಂತ ಹೇಳಲಿಲ್ಲ.

ಹೆಂಡತಿ ಬಿಡಲಿಲ್ಲ. "ಫಾರಿನ್ನದು ಇವರ ಹೊಟ್ಟೆಗೆ ಹೇಗ್ಹೋಯ್ತು ಸ್ವಾಮಿ? ಇವರು ಮೈಸೂರೇ ನೋಡಿಲ್ಲ. ತೋರಿಸಿ ಅದನ್ನ."

ಸರ್ಜನ್ ಬೇಡ ಅನ್ನೋಷ್ಟರಲ್ಲಿ ಸಿಸ್ಟರ್ ತಟ್ಟೆ ತಂದು ನನ್ನ ಪಕ್ಕದಲ್ಲಿಟ್ಟರು. ಅದರಲ್ಲಿ ಅಂಗೈಯಗಲದ, ಮಡಿಸಿದ ಒಂದು ಬಟ್ಟೆ. ಊರೆಲ್ಲ ರೇಷನ್ ಕಾರ್ಡು ಹಿಡಿದು ಬಟ್ಟೆಗೆ ಸಾಲು ನಿಲ್ತಿದ್ದ ಕಾಲ. ನಾನು ಎರಡು ತಿಂಗಳಿಂದ ಒಂದು ತುಂಡನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಕೈ ಚಾಚಿ ಅದರ ಅಂಚು ಬಿಡಿಸಿ ನೋಡಿದೆ.

"ಫಾರಿನ್ ಅಲ್ಲ ಸಾರ್," ಅಂದೆ, "ನಿಮ್ಮ ಆಸ್ಪತ್ರೆ ಮುದ್ರೆ ಇನ್ನೂ ಮಾಸಿಲ್ಲ."