ಶಾಸಕರ ನಾಡಿ ಹಿಡಿದ ನಮ್ಮಕ್ಕ

ನಮ್ಮಕ್ಕನನ್ನು ಕಂಡರೆ ಶಾಸಕರು ಹೆದರುತ್ತಾರೆ ಎಂದರೆ ನೀವು ನಗಬಹುದು. ನಗಬೇಡಿ. ಒಂದು ಮದುವೆಯಲ್ಲಿ ಅವಳ ದನಿ ಕೇಳಿದ್ದೇ ತಡ, ಊಟ ಅರ್ಧಕ್ಕೆ ಬಿಟ್ಟು ಹಿಂಬಾಗಿಲಿನಿಂದ ಹೊರಟ ಶಾಸಕರನ್ನು ನಾನೇ ನೋಡಿದ್ದೇನೆ. ತುಪ್ಪ ಹಾಕಿಸಿಕೊಂಡ ಹೋಳಿಗೆ ಎಲೆಯಲ್ಲೇ ಉಳಿಯಿತು. ಇಷ್ಟು ಹೆದರುವವರು ಅವಳು ಕೇಳಿದ್ದನ್ನು ಎಂದಾದರೂ ಮಾಡಿಕೊಟ್ಟರೇ? ಇಲ್ಲ. ಹೆದರಿಕೆ ಬೇರೆ, ಕೆಲಸ ಬೇರೆ. ಈ ವಿಷಯದಲ್ಲಿ ಎಲ್ಲ ಪಕ್ಷಗಳದೂ ಒಂದೇ ಮತ.

ಅಕ್ಕ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದಳು. ಯಾವ ಊರಿನ ಆಸ್ಪತ್ರೆ ಎಂದು ಕೇಳಬೇಡಿ, ಹೇಳಿದರೆ ಮನೆಯಲ್ಲಿ ನನಗೆ ಊಟ ಸಿಗುವುದಿಲ್ಲ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಮನೆ ನಡೆಸುವ ರೀತಿ ನೋಡಿದರೆ ನಾವೇ ಅವಳ ಜೊತೆಗಿದ್ದೇವೆ ಎನ್ನುವುದು ಸರಿ. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತದೆ, ತಮ್ಮನಾಗುವ ಕಷ್ಟ ಮಾತ್ರ ನನಗೊಬ್ಬನಿಗೆ.

ಅವಳಿಗೆ ಬೇಕಾಗಿದ್ದು ಒಂದೇ ಒಂದು ಕಾನೂನು. ಹೆರಿಗೆ ವಾರ್ಡಿನಲ್ಲಿ ಯಾವ ಪಾಳಿಯಲ್ಲೂ ಒಬ್ಬಳೇ ನರ್ಸು ಇರಬಾರದು, ಇಬ್ಬರಿರಬೇಕು. ಅಷ್ಟೇ. ಬಂಗಾರ ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. "ದೊಡ್ಡ ಡಾಕ್ಟರಿಗೆ ಹೇಳಿದ್ರ ಸಾಕಲ್ಲ?" ಎಂದರೆ ಅವಳು ಒಪ್ಪುತ್ತಿರಲಿಲ್ಲ. "ಸಾಹೇಬ್ರ ಬಾಯಿಮಾತು ಸಾಹೇಬ್ರ ಟ್ರಾನ್ಸ್‌ಫರ್ ಜೋಡಿ ಹೋಗ್ತೈತಿ. ವಿಧಾನಸಭಾದಾಗ ಕಾನೂನ ಆಗಬೇಕು" ಎನ್ನುತ್ತಿದ್ದಳು.

ಶಾಸಕರ ಹೆದರಿಕೆಗೆ ಕಾರಣವಿದೆ. ಯಾರೊಡನೆ ಮಾತಿಗೆ ನಿಂತರೂ ಅವರ ಕೈ ಹಿಡಿದು ನಾಡಿ ನೋಡುವುದು ಅಕ್ಕನ ಚಾಳಿ. ಹಾಲಿನವನು, ಬಸ್ಸಿನ ಕಂಡಕ್ಟರು, ನನ್ನ ಮಗಳನ್ನು ನೋಡಲು ಬಂದ ಬೀಗರು, ಯಾರನ್ನೂ ಬಿಟ್ಟವಳಲ್ಲ. ಆ ಬೀಗರು ಮತ್ತೆ ಬರಲಿಲ್ಲ, ಆ ಮಾತು ಬೇರೆ. ಶಾಸಕರು ಮೊದಲ ಸಲ ಸಿಕ್ಕಿದ್ದು ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ. ಎಲ್ಲರೂ ಹಾರ ಹಾಕಿದರು. ಅಕ್ಕ ಮಣಿಕಟ್ಟು ಹಿಡಿದಳು.

"ಒಂದು ನಿಮಿಷ ಮಾತಾಡಬ್ಯಾಡ್ರಿ ಸಾಹೇಬ್ರ, ನಾಡಿ ಎಣಸಾಕತ್ತೇನಿ" ಎಂದವಳು ಗಡಿಯಾರ ನೋಡುತ್ತ, ಒಬ್ಬಳೇ ನರ್ಸು, ಮೂವತ್ತು ಹಾಸಿಗೆ, ನೆಲದ ಮೇಲೆ ಮಲಗಿದ ಬಾಣಂತಿಯರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಬಾಯಿಂದಲೇ ಗೆದ್ದು ಬಂದ ಮನುಷ್ಯ ಒಂದು ನಿಮಿಷ ಬಾಯಿ ಮುಚ್ಚಿ ನಿಂತದ್ದನ್ನು ಊರು ಅಂದೇ ನೋಡಿದ್ದು. ಕೊನೆಗೆ "ತೊಂಬತ್ತೆಂಟು ಐತ್ರಿ. ಉಪ್ಪು ಕಡಿಮಿ ಮಾಡ್ರಿ" ಎಂದು ಕೈ ಬಿಟ್ಟಳು.

ಮನೆಗೆ ಬರುವಾಗ ಕೇಳಿದೆ: "ಅಷ್ಟು ಮಾತಾಡ್ಕೋಂತ ಹೆಂಗ ಎಣಿಸಿದಿ ಅಕ್ಕಾ?"

"ಎಣಿಸಿದ್ದು ಯಾರು? ಕೈ ಬಿಟ್ಟಿದ್ರ ಓಡಿ ಹೋಗ್ತಿದ್ರು" ಎಂದಳು.

ಶಾಸಕರು ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿದರು. "ಬರದ ಕೊಡ್ರಿ" ಎಂದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ತಹಶೀಲ್ದಾರ ಕಚೇರಿಯ ಗುಮಾಸ್ತ. ಮನವಿ ಪತ್ರಗಳು ಎಲ್ಲಿ ಹುಟ್ಟುತ್ತವೋ ತಿಳಿಯದು, ಎಲ್ಲಿ ಸಾಯುತ್ತವೆ ಎನ್ನುವುದು ಚೆನ್ನಾಗಿ ಗೊತ್ತು. ಎಷ್ಟೋ ಪತ್ರಗಳನ್ನು ನಾನೇ ಕಪಾಟಿನಲ್ಲಿ ಮಲಗಿಸಿದ್ದೇನೆ. ಇಂಥ ಅನುಭವಸ್ಥ ಕೂತು "ಮಾನ್ಯರೇ" ಎಂದು ಬರೆದರೆ ಅಕ್ಕ ಕಾಗದ ಕಸಿದುಕೊಂಡಳು.

"ಮಾನ್ಯರೇ ಅಂದ್ರ ರೋಗ ಏನಂತ ತಿಳೀತೈತೇನು? ನಾ ಹೇಳ್ತೇನಿ, ನೀ ಬರಿ."

ಅವಳು ಹೇಳಿದ್ದು ಆಸ್ಪತ್ರೆಯ ಕೇಸ್ ಪೇಪರಿನ ಧಾಟಿಯಲ್ಲಿ. ಮೂವತ್ತು ವರ್ಷ ಬರೆದದ್ದು ಅದೊಂದನ್ನೇ, ಬೇರೆ ಹೇಗೆ ಬರೆಸಿಯಾಳು? ರೋಗಿಯ ಹೆಸರು: ಹೆರಿಗೆ ವಾರ್ಡು. ವಯಸ್ಸು: ಇಪ್ಪತ್ತೆರಡು. ತೊಂದರೆ: ಮಲಗಲು ಜಾಗವಿಲ್ಲ, ನೋಡಿಕೊಳ್ಳುವವರು ಒಬ್ಬರೇ. ಎಷ್ಟು ದಿನದಿಂದ: ಹುಟ್ಟಿದಾಗಿನಿಂದ. ಹಿಂದಿನ ಇತಿಹಾಸ ಎಂಬಲ್ಲಿಗೆ ಬಂದಾಗ ಅವಳ ದನಿ ಇಳಿಯಿತು. "ಒಂದ ದಿನ ಇಬ್ಬರಿಗೆ ಒಮ್ಮೆಲೇ ಹೆರಿಗಿ ಆತು. ನಾ ಒಬ್ಬಾಕಿನ ಇದ್ದೆ. ಮೊದಲ ಹಿಡಿದ ಕೂಸು ಉಳೀತು. ಹಂಗ ಬರಿ" ಎಂದಳು. ಇನ್ನೊಂದು ಕೂಸಿನ ಮಾತು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಇದು ಬ್ಯಾಡ ಅಕ್ಕಾ. ನಾಳೆ ನಿನ್ನ ಮ್ಯಾಲ ವಿಚಾರಣಿ ಬರ್ತೈತಿ."

"ಬರಲಿ. ಬರಿ ನೀ."

ನಾನು ಶುದ್ಧ ಪ್ರತಿ ಮಾಡುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ಅವಳು ನನ್ನನ್ನು ನಂಬಿ ಓದದೆ ಸಹಿ ಹಾಕಿದಳು. ಇಷ್ಟು ವರ್ಷವಾದರೂ ಇದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಿಲ್ಲ. ನೀವೂ ಹೇಳಬೇಡಿ.

ಹದಿನೈದು ದಿನಕ್ಕೆ ಉತ್ತರ ಬಂತು. ಶಾಸಕರ ಕಚೇರಿಗೆ ದಿನಾ ಬರುವುದೆಲ್ಲ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿ ಎಂಬ ಅರ್ಜಿಗಳೇ ತಾನೆ? ಅಲ್ಲಿಯ ಸಹಾಯಕ ರೋಗಿ ಎಂಬುದನ್ನು ನೋಡಿದ, ಹೆರಿಗೆ ಎಂಬುದನ್ನು ನೋಡಿದ, ವಯಸ್ಸು ಇಪ್ಪತ್ತೆರಡು ಎಂಬುದನ್ನೂ ನೋಡಿದ. ಇನ್ನೇನು ಬೇಕು? ಅಕ್ಕನ ಆಸ್ಪತ್ರೆಯ ದೊಡ್ಡ ಡಾಕ್ಟರಿಗೇ ಶಿಫಾರಸು ಪತ್ರ ಬರೆದು ಅಕ್ಕನ ಕೈಗೇ ಕಳಿಸಿದ. ಈ ಪತ್ರ ತರುವ ಹೆಣ್ಣುಮಗಳು ಬಡವರಿದ್ದು, ಹಾಸಿಗೆ ನೀಡಿ ಸುಸೂತ್ರ ಹೆರಿಗೆ ಮಾಡಿಸುವುದು ಎಂದು ಅದರಲ್ಲಿತ್ತು. ಆಗ ಅಕ್ಕನಿಗೆ ಐವತ್ತೆಂಟು.

ಅದನ್ನು ಓದಿದ ಡಾಕ್ಟರು ನಗು ತಡೆದುಕೊಂಡು ಕೇಳಿದರು, "ಸಿಸ್ಟರ್, ಯಾವ ಹಾಸಿಗಿ ಕೊಡ್ಲಿ?"

"ಖಾಲಿ ಇದ್ದದ್ದ ಕೊಡ್ರಿ" ಎಂದಳು ಅಕ್ಕ. ಒಂದೂ ಖಾಲಿ ಇರಲಿಲ್ಲ.

ಅವಳು ಬಿಟ್ಟಳೇ? ಪತ್ರ ಹಿಡಿದುಕೊಂಡು ಮತ್ತೆ ಶಾಸಕರ ಮನೆಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಈ ಸಲ ಶಾಸಕರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮಾತಾಡಿದರು. "ನೀವು ಒಬ್ಬರ ಬಂದ್ರ ಹೆಂಗ್ರಿ ಸಿಸ್ಟರ್? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ನರ್ಸಮ್ಮಗೋಳನ್ನ ಕರಕೊಂಡ ಬರ್ರಿ. ಸಂಘಟನಿ ಕಾಣಬೇಕು."

ಅಕ್ಕ ಮೂರು ತಿಂಗಳು ಫೋನು ಹಚ್ಚಿದಳು. ಇಂಡಿಯವಳಿಗೆ ಸೋಮವಾರ ರಜೆ ಇದ್ದರೆ ಸಿಂದಗಿಯವಳಿಗೆ ಬುಧವಾರ. ಮುದ್ದೇಬಿಹಾಳದವಳು ಬಸ್ ಸ್ಟ್ಯಾಂಡಿನವರೆಗೆ ಬಂದು, ವಾರ್ಡಿನಿಂದ ಫೋನು ಬಂತೆಂದು ಅಲ್ಲಿಂದಲೇ ಹಿಂದಿರುಗಿದಳು. ಬಾಗೇವಾಡಿಯವಳ ಬದಲಿಗೆ ನಿಲ್ಲಬೇಕಾದವಳೇ ಹೆರಿಗೆ ರಜೆಯ ಮೇಲೆ ಹೋದಳು. ಕೊನೆಗೆ ಶಾಸಕರ ಎದುರು ಮತ್ತೆ ನಿಂತವರು ನಾವಿಬ್ಬರೇ.

"ಉಳಿದವ್ರು ಎಲ್ಲೆದಾರ್ರಿ?" ಎಂದರು ಶಾಸಕರು.

"ಡ್ಯೂಟಿ ಬಿಟ್ಟು ಬರಾಕ ಆಗೂದಿಲ್ಲ ಅಂತನ ಈ ಕಾನೂನ ಕೇಳಾಕತ್ತೇವ್ರಿ" ಎಂದಳು ಅಕ್ಕ.

ಅಂದು ಅವರಿಗೆ ನಾಚಿಕೆಯಾಯಿತೋ ಬೇಸರವಾಯಿತೋ, ಅಂತೂ ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಕೇಳಿದರು. ನಾನು ಅರ್ಧ ಕಿಲೋ ಪೇಡೆ ತಂದೆ. ಸರಕಾರ ಲಿಖಿತ ಉತ್ತರ ಕೊಟ್ಟಿತು: ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ. ಈ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಹತ್ತು ಕಾಗದದ ಮೇಲೆ ನಾನೇ ಬರೆಯುತ್ತೇನೆ. ಅಕ್ಕ ಅದನ್ನು ಎರಡು ಸಲ ಓದಿದಳು.

"ಬ್ಯಾನಿ ಬಂದಾಕಿಗೆ ನಾನೂ ‘ಪರಿಶೀಲನೆಯಲ್ಲಿದೆ’ ಅಂದು ಕುಂತ್ರ, ಕೂಸು ಒಳಗ ಕಾಯ್ಕೋಂತ ಕುಂದರತೈತೇನು ತಮ್ಮಾ?"

ಪೇಡೆಯನ್ನು ನಾವೇ ತಿಂದೆವು.

ಪರಿಶೀಲನೆ ಮುಗಿಯಲಿಲ್ಲ, ಅಕ್ಕನ ನೌಕರಿ ಮುಗಿಯಿತು. ಕೊನೆಯ ದಿನ ಮಧ್ಯಾಹ್ನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಶಾಸಕರು ತಾವು ಬರದೆ ಹಾರ ಕಳಿಸಿದ್ದರು. ಡಾಕ್ಟರು ಅವಳ ಸೇವೆಯನ್ನು ಮರೆಯಲಾರೆವು ಎಂದರು. ಎರಡು ಗಂಟೆಗೆ ಪಾಳಿ ಬದಲಾಗಬೇಕು. ಮುಂದಿನ ಪಾಳಿಗೆ ಬಂದವಳು ಮೋರಟಗಿಯ ಕಡೆಯ ಹುಡುಗಿ, ಗುತ್ತಿಗೆಯ ಮೇಲೆ ಸೇರಿ ಎರಡು ತಿಂಗಳಾಗಿತ್ತು. ಒಬ್ಬಳೇ ಬಂದಿದ್ದಳು.

ಅಕ್ಕ ಹಾರ ಹಾಕಿಕೊಂಡೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ಇಬ್ಬರು ಹೆಣ್ಣುಮಕ್ಕಳಿಗೆ ಆಗಲೇ ನೋವು ಹೆಚ್ಚಾಗಿತ್ತು. ಆ ಹುಡುಗಿ ಇತ್ತ ನೋಡಿದಳು, ಅತ್ತ ನೋಡಿದಳು. "ನಾ ಮಾಡ್ಕೋತೇನ್ರಿ ಸಿಸ್ಟರ್, ನೀವು ಹೋಗ್ರಿ" ಎಂದಳು.

ಹೊರಗೆ ಆಟೋ ನಿಂತಿತ್ತು. ನಾನು ಹಣ್ಣಿನ ಬುಟ್ಟಿ ಒಳಗಿಟ್ಟೆ. ಅಕ್ಕ ಒಂದು ಕಾಲು ಇಟ್ಟವಳು ಹಿಂದಕ್ಕೆ ತೆಗೆದಳು. ಹಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಅಕ್ಕಾ, ನಿನ್ನ ನೌಕರಿ ಮುಗದೈತಿ. ಇನ್ನ ಒಳಗ ಹೋಗಾಕ ನಿನಗ ಅಧಿಕಾರ ಇಲ್ಲ" ಎಂದೆ. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ?

"ಅಧಿಕಾರ ಯಾವಾಗ ಇತ್ತು?" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು.

ಆಟೋ ಕಳಿಸಿ ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಅಕ್ಕಪಕ್ಕದಲ್ಲಿ ಆ ಇಬ್ಬರು ಹೆಣ್ಣುಮಕ್ಕಳ ಮನೆಯವರು ಕೂತಿದ್ದರು. ನಾಲ್ಕರ ಸುಮಾರಿಗೆ ಒಳಗೆ ಒಂದು ಕೂಸು ಅತ್ತಿತು. ನಾನು ಇನ್ನೊಂದು ಅಳುವಿಗೆ ಕಿವಿಗೊಟ್ಟು ಕೂತೆ. ಜೀವನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಆ ಅಳು ನಿಲ್ಲುವ ಮೊದಲೇ ಇನ್ನೊಂದು ಅಳು ಕೇಳಿತು.

ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದಳು. ಭಾವ ಹೋದ ದಿನವೂ ನಾಲ್ಕು ಮಂದಿಯ ಎದುರು ಅಳದವಳು ಅಳುತ್ತಿದ್ದಳು.

"ಎರಡೂ ಆರಾಮ ಅದಾವ ತಮ್ಮಾ" ಎಂದಳು. "ಎರಡೂ."